ಗಡಾಯಿಕಲ್ಲು: ಗೇಣಿನಲ್ಲಿ ಅಳೆದ ಮೆಟ್ಟಿಲುಗಳು

ಬೆಳ್ತಂಗಡಿ ಕಡೆ ಬಸ್ಸಿನಲ್ಲಿ ಹೋದಾಗಲೆಲ್ಲ ಆ ಬಂಡೆ ಕಣ್ಣಿಗೆ ಬೀಳುತ್ತದೆ. ಹಿಂದೆ ಕುದುರೆಮುಖದ ಬೆಟ್ಟಗಳು ಹಸಿರು ಹೊದ್ದು ಸಾಲಾಗಿ ಮಲಗಿರುತ್ತವೆ. ಗಡಾಯಿಕಲ್ಲು ಮಾತ್ರ ಬೋಳು ತಲೆ ಎತ್ತಿಕೊಂಡು ಒಂಟಿಯಾಗಿ ನಿಂತಿರುತ್ತದೆ. ಎಷ್ಟೋ ವರ್ಷ ಕಿಟಕಿಯಿಂದ ನೋಡಿದ್ದೆ. ಹತ್ತಿದ್ದು ಈ ಜನವರಿಯಲ್ಲಿ.

ಅಣ್ಣನ ಮಗಳು ಪಿಯುಸಿ ಓದುತ್ತಿದ್ದಾಳೆ. ಒಂದು ದಿನದಲ್ಲಿ ಹೋಗಿ ಬರುವ ಬೆಟ್ಟ ಬೇಕು ಅಂತ ಅವಳು ಹಟ ಹಿಡಿದಿದ್ದಳು. ಮಂಗಳೂರಿನವರಿಗೆ ಬೆಟ್ಟಗಳಿಗೇನು ಕಡಿಮೆಯಿಲ್ಲ. ಕುದುರೆಮುಖ 1894 ಮೀಟರ್. ಅದಕ್ಕೆ ಮೊದಲೇ ಬುಕ್ಕಿಂಗ್ ಮಾಡಬೇಕು, ಇಡೀ ದಿನ ನಡೆಯಬೇಕು. ಸುಬ್ರಹ್ಮಣ್ಯದಿಂದ ಹತ್ತುವ ಕುಮಾರ ಪರ್ವತ 1712 ಮೀಟರ್. ಮೊದಲ ಚಾರಣಕ್ಕೆ ಅದು ತೀರಾ ಜಾಸ್ತಿ. ಕೊಡಚಾದ್ರಿ ನನಗೆ ಇಷ್ಟವೇ. ಆದರೆ ಕಷ್ಟಪಟ್ಟು ನಡೆದು ಮೇಲೆ ಹೋದರೆ ಅಲ್ಲಿ ಜೀಪುಗಳ ಗಲಾಟೆ. ನನಗೆ ಅದು ಸೇರುವುದಿಲ್ಲ. ಗಡಾಯಿಕಲ್ಲಿಗೆ ಮಂಗಳೂರಿನಿಂದ ಸುಮಾರು ಎರಡು ಗಂಟೆಯ ದಾರಿ, ಮೇಲೆ ಹೋಗಲು ಮೆಟ್ಟಿಲುಗಳಿವೆ, ಯಾವ ವಾಹನವೂ ಹತ್ತುವುದಿಲ್ಲ. ಅದೇ ಸರಿ ಅನ್ನಿಸಿತು.

ಬೆಳಿಗ್ಗೆ ಐದಕ್ಕೆ ಹೊರಟು ಏಳಕ್ಕೆಲ್ಲ ಹತ್ತಲು ಶುರು ಮಾಡಬೇಕು ಅಂತ ಲೆಕ್ಕ ಹಾಕಿದ್ದೆ. ಬಾಡಿಗೆಗೆ ಹೇಳಿದ್ದ ವ್ಯಾನ್ ಬಂದದ್ದು ಆರೂ ಮುಕ್ಕಾಲಿಗೆ. ಫೋನ್ ಮಾಡಿದಾಗಲೆಲ್ಲ "ಇಗೋ ಬಂದೆ" ಎಂಬ ಉತ್ತರ. ಬಿ.ಸಿ.ರೋಡ್, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯಲ್ಲಿ ಬನ್ಸ್ ತಿಂದು, ಗೇಟಿನಲ್ಲಿ ಟಿಕೆಟ್ ಮಾಡಿಸುವಾಗ ಒಂಬತ್ತು ದಾಟಿತ್ತು. ಆ ಎರಡು ಗಂಟೆಯ ಬೆಲೆ ಏನು ಅಂತ ಮಧ್ಯಾಹ್ನ ಗೊತ್ತಾಯಿತು. ಕೆಳಗಡೆ ಕಾಡಿನ ನೆರಳಿದೆ. ಮೇಲೆ ಹೋದಂತೆ ಬರೀ ಬಂಡೆ. ಹನ್ನೊಂದರ ನಂತರ ಆ ಕಲ್ಲು ದೋಸೆ ಕಾವಲಿಯಂತೆ ಕಾಯುತ್ತದೆ, ಕೈ ಊರಲು ಆಗುವುದಿಲ್ಲ. ತಲೆಗೆ ಒಂದೂವರೆ ಲೀಟರ್ ನೀರು ಒಯ್ದಿದ್ದೆವು, ಸಾಲಲಿಲ್ಲ. ಹೋಗುವವರು ಒಬ್ಬೊಬ್ಬರು ಮೂರು ಲೀಟರ್ ಹಿಡಿದುಕೊಳ್ಳಿ. ಹಿಂದಿನ ರಾತ್ರಿಯೇ ಬೆಳ್ತಂಗಡಿಗೆ ಬಂದು ಉಳಿಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಇನ್ನೊಬ್ಬರ ಗಡಿಯಾರ ನಂಬಿಕೊಂಡು ಈ ಬಂಡೆಗೆ ಬರಬೇಡಿ.

ಇನ್ನು ಮೆಟ್ಟಿಲಿನ ವಿಷಯ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ಒಟ್ಟು 1800ಕ್ಕಿಂತ ಹೆಚ್ಚು ಮೆಟ್ಟಿಲುಗಳಿವೆ ಎನ್ನುತ್ತಾರೆ. ಅಣ್ಣನ ಮಗಳು ಎಣಿಸಲು ಶುರು ಮಾಡಿ ಮುನ್ನೂರರ ಹತ್ತಿರ ಲೆಕ್ಕ ತಪ್ಪಿದಳು. ತಪ್ಪಲು ಕಾರಣವೂ ಇದೆ. ಒಂದು ಮೆಟ್ಟಿಲು ಪಾದಕ್ಕಿಂತ ಸ್ವಲ್ಪ ಎತ್ತರ, ಮುಂದಿನದು ಮೊಣಕಾಲಿನವರೆಗೆ. ಕಾಲಿಗೆ ಒಂದು ಲಯ ಸಿಗುವುದೇ ಇಲ್ಲ. "ಯಾರತ್ತೆ ಇದನ್ನು ಹೀಗೆ ಅಡ್ಡಾದಿಡ್ಡಿ ಮಾಡಿದ್ದು?" ಅಂತ ಅವಳು ಜೋರಾಗಿಯೇ ಕೇಳಿದಳು.

"ಅಡ್ಡಾದಿಡ್ಡಿ ಅಲ್ಲ ಮಗಾ" ಅಂತ ಪಕ್ಕದಿಂದ ಉತ್ತರ ಬಂತು. ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು ನೆರಳಿನಲ್ಲಿ ಬೈರಾಸು ಹಾಸಿಕೊಂಡು ಕೂತಿದ್ದರು. ಮೊಮ್ಮಗ ಮುಂದೆ ಓಡಿದ್ದನಂತೆ. ಅವರ ಮಾತು ತುಳುವಿನಲ್ಲಿ. ಮೂವತ್ತು ವರ್ಷ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಲ್ಪಣೆಯಲ್ಲಿ, ಅಂದರೆ ಕೋರೆಯಲ್ಲಿ, ಕಲ್ಲು ಕಡಿದವರು ಅವರು. ಮಿಷನ್ ಬರುವ ಮೊದಲು, ಪಿಕ್ಕಾಸು ಹಿಡಿದು.

"ಅಜ್ಜ, ಹಾಗಾದರೆ ಯಾಕೆ ಒಂದೊಂದು ಒಂದೊಂದು ಥರ?"

"ಗೇಣು ಹಾಕು, ನೋಡುವ" ಎಂದರು.

ಅವಳು ಬಗ್ಗಿ ಅಳೆದಳು. ಅವರು ಕೂತಿದ್ದ ಮೆಟ್ಟಿಲು ಒಂದು ಗೇಣು. ಅದರ ಮೇಲಿನದು ಒಂದೂವರೆ. ಅದರ ಮೇಲಿನದು ಮತ್ತೆ ಒಂದು ಗೇಣಿಗೆ ಎರಡು ಬೆರಳು ಕಮ್ಮಿ.

"ಮುರಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ. ನಮಗೆ ಬೇಕಾದ ಅಳತೆಗೆ ಕಡಿಯುತ್ತೇವೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಒಂದು ಏಟು ತಪ್ಪಿದರೆ ಆ ಕಲ್ಲನ್ನು ಬದಿಗೆ ಬಿಸಾಡಿ ಇನ್ನೊಂದು ಕಡಿಯುತ್ತೇವೆ. ಇದು ಪಾದೆ, ಗಟ್ಟಿ ಬಂಡೆ. ಮೊದಲೇ ಗಟ್ಟಿ. ಇಲ್ಲಿ ಕಡಿದು ತಂದು ಇಟ್ಟದ್ದಲ್ಲ, ಇದ್ದಲ್ಲೇ ಕೊರೆದದ್ದು. ಏಟು ತಪ್ಪಿತು ಅಂತ ಗುಡ್ಡೆಯನ್ನು ಬಿಸಾಡಲಿಕ್ಕೆ ಆಗ್ತದಾ? ತಪ್ಪಿದಲ್ಲಿಂದಲೇ ಮುಂದಿನ ಮೆಟ್ಟಿಲು ಶುರು ಮಾಡಬೇಕು."

ಆಮೇಲೆ ಅವರು ನಮ್ಮನ್ನು ನಾಲ್ಕು ಮೆಟ್ಟಿಲು ಮೇಲೆ ಕರೆದುಕೊಂಡು ಹೋಗಿ ಅಂಚಿನ ಮೇಲೆ ಬೆರಳು ಆಡಿಸಲು ಹೇಳಿದರು. ನಡುವೆ ಕಾಲು ತಾಗಿ ತಾಗಿ ನುಣುಪಾಗಿದೆ. ಗೋಡೆಯ ಬದಿಗೆ, ಯಾರೂ ತುಳಿಯದ ಮೂಲೆಯಲ್ಲಿ, ಉಳಿಯ ಗುರುತು ಇನ್ನೂ ಬೆರಳಿಗೆ ಸಿಗುತ್ತದೆ. ಸಣ್ಣ ಸಣ್ಣ ಗುಳಿಗಳು, ಒಂದರ ಪಕ್ಕ ಒಂದು. ನಾನು ಎಷ್ಟು ಹೊತ್ತು ಅಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆನೋ ಗೊತ್ತಿಲ್ಲ. ಟಿಪ್ಪು ಸುಲ್ತಾನ್ ಇಲ್ಲಿ ಕೋಟೆ ಕಟ್ಟಿಸಿದ್ದು 1794ರಲ್ಲಿ. ತಾಯಿ ಜಮಾಲಾಬಿಯ ಹೆಸರಿನಲ್ಲಿ ಅದು ಜಮಾಲಾಬಾದ್ ಆಯಿತು. ಐದೇ ವರ್ಷಕ್ಕೆ, 1799ರಲ್ಲಿ, ಬ್ರಿಟಿಷರ ಕೈಸೇರಿತು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಉಳಿ ಹಿಡಿದವರ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

"ಅವರಿಗೆ ಎಷ್ಟು ಸಂಬಳ ಕೊಟ್ಟಿರಬಹುದು ಅಜ್ಜ?" ಅಂತ ಅಣ್ಣನ ಮಗಳು ಕೇಳಿದಳು.

"ಅದು ಗೊತ್ತಿಲ್ಲ ಮಗಾ. ಕೈ ಮಾತ್ರ ತುಂಬಾ ನೋಯುತ್ತಿತ್ತು. ಅದು ನನಗೆ ಗೊತ್ತು." ಅಂಗೈ ತೆರೆದು ತೋರಿಸಿದರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಬೆರಳುಗಳ ಬುಡದಲ್ಲಿ ಜಡ್ಡು ಹಾಗೇ ಇತ್ತು.

ಹತ್ತುವುದು ಹೇಗೆ ಅಂತಲೂ ಹೇಳಿಕೊಟ್ಟರು. ಎತ್ತರದ ಮೆಟ್ಟಿಲಿಗೆ ನೇರ ಕಾಲು ಎತ್ತಬೇಡಿ, ಓರೆಯಾಗಿ ಅಡ್ಡಡ್ಡ ಹತ್ತಿ. ಒಂದೇ ಕಾಲನ್ನು ಮುಂದಿಡಬೇಡಿ, ಬದಲಿಸುತ್ತಾ ಇರಿ. ಇಳಿಯುವಾಗ ಗೋಡೆಯ ಬದಿ ಬಿಡಬೇಡಿ. "ಅಕ್ಕ, ಏನಿದ್ದರೂ ಇಳಿಯುವಾಗಲೇ ಕಾಲು ನಡುಗುವುದು" ಅಂತ ನನಗೆ ಎರಡು ಸಲ ಹೇಳಿದರು. ಅದು ಪೂರ್ತಿ ನಿಜವಾಯಿತು.

ಮೇಲೆ ಮುರಿದ ಗೋಡೆಗಳಿವೆ, ಒಂದು ಕೆರೆ ಇದೆ, ಪಾಳುಬಿದ್ದ ಕಟ್ಟಡವಿದೆ. ನಾಲ್ಕೂ ದಿಕ್ಕಿಗೆ ನೋಟ ಬಿಚ್ಚಿಕೊಳ್ಳುತ್ತದೆ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಅಡಿಕೆ ತೋಟ, ಗದ್ದೆ, ಹೆಂಚಿನ ಮನೆಗಳು. ಚೆನ್ನಾಗಿದೆ. ಗೋಡೆಗಳ ಮೇಲೆ ಗೀಚಿದ ಪ್ರೇಮಿಗಳ ಹೆಸರುಗಳು ಮಾತ್ರ ನನಗೆ ಹೊಟ್ಟೆಯುರಿಸಿದವು. ತಂದಿದ್ದ ಮೊಸರನ್ನ, ಮಿಡಿ ಉಪ್ಪಿನಕಾಯಿ ತಿಂದು ಅರ್ಧ ಗಂಟೆಯಲ್ಲಿ ಇಳಿಯಲು ಹೊರಟೆವು. ಮಳೆಗಾಲದಲ್ಲಿ ಇಲ್ಲಿಗೆ ಹೊರಡಬೇಡಿ, ಮೆಟ್ಟಿಲೆಲ್ಲ ಪಾಚಿ ಕಟ್ಟಿ ಜಾರುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಅದೂ ಬೆಳಗಿನ ಹೊತ್ತು.

ಇಳಿಯುವಾಗ ಅಜ್ಜ ಸಿಗಲಿಲ್ಲ. ಅವರು ಕೂತಿದ್ದ ಮೆಟ್ಟಿಲು ಯಾವುದು ಅಂತ ಗುರುತಿಸಲು ಅಣ್ಣನ ಮಗಳು ಗೇಣು ಹಾಕುತ್ತಾ ಬಂದಳು. ಒಂದು, ಒಂದೂವರೆ, ಎರಡು ಬೆರಳು ಕಮ್ಮಿ ಒಂದು. ಆ ಮೂರು ಸಾಲಾಗಿ ಸಿಕ್ಕಿದ ಜಾಗದಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಕೂತೆವು. ಉಳಿದಿದ್ದ ಕೊನೆಯ ನೀರು ಅಲ್ಲಿ ಕುಡಿದೆವು.