ಪೂಜೆ ಅನ್ನೋ ಪದ ಕನ್ನಡದ್ದಾ, ಸಂಸ್ಕೃತದ್ದಾ?

ಪದಗಳ ಬೆನ್ನು ಹತ್ತುವುದು ನನ್ನ ಹಳೆಯ ಅಭ್ಯಾಸ. ಅದಕ್ಕೇ ಗೆಳೆಯರು, ನೆಂಟರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಕೇಳುತ್ತಾರೆ. ನಾನು ಅಜ್ಜಿಯ ಹೊಸ್ತಿಲಿನಿಂದ ಶುರು ಮಾಡುತ್ತೇನೆ.

ಬೆಳಗ್ಗೆ ಬಾಗಿಲು ತೊಳೆದ ಮೇಲೆ ಅಜ್ಜಿ ಬಟ್ಟಲಲ್ಲಿ ಅರಿಶಿನ ಕಲಸುತ್ತಿದ್ದಳು. ನೀರು ಜಾಸ್ತಿಯಾದರೆ ಇಳಿದುಹೋಗುತ್ತೆ, ಕಡಿಮೆಯಾದರೆ ಒಣಗಿ ಉದುರುತ್ತೆ. ಮೂರು ಬೆರಳಲ್ಲಿ ಹೊಸ್ತಿಲಿನ ಉದ್ದಕ್ಕೂ ಬಳಿದು, ಕುಂಕುಮ ಇಟ್ಟು, ಮೇಲೊಂದು ದಾಸವಾಳ. ಮಂತ್ರ ಇಲ್ಲ, ಗಂಟೆ ಇಲ್ಲ. ಅಷ್ಟಕ್ಕೇ "ಹೊಸ್ಲು ಪೂಜೆ ಆಯ್ತು" ಅನ್ನುತ್ತಿದ್ದಳು.

ವಿದ್ವಾಂಸರ ವಾದವೂ ಈ ಬಳಿಯುವುದು, ಹೂ ಇಡುವುದರ ಸುತ್ತಲೇ ಇದೆ. 1920ರ ದಶಕದಲ್ಲಿ ಸ್ವೀಡನ್ನಿನ ಯಾರ್ಲ್ ಶಾರ್ಪೆಂಟಿಯೆ, ಪೂಜೆ ಬಂದದ್ದು ದ್ರಾವಿಡದ 'ಪೂಸು' ಎಂಬುದರಿಂದ ಎಂದರು. ಪೂಸು ಅಂದರೆ ಬಳಿ, ಹಚ್ಚು. ಹಳಗನ್ನಡದಲ್ಲೂ ಈ ಪದವಿದೆ. ತಮಿಳರು ವಿಭೂತಿ ಹಚ್ಚಿಕೊಳ್ಳುವುದಕ್ಕೆ ಇವತ್ತಿಗೂ ಹಾಗೇ ಹೇಳುತ್ತಾರೆ. ಇನ್ನೊಂದು ವಾದ, ಪೂ ಮತ್ತು ಚೆಯ್ ಸೇರಿ ಪೂಜೆ ಆಯಿತು, ಅಂದರೆ ಹೂವಿನಿಂದ ಮಾಡುವ ಕೆಲಸ ಅನ್ನುವುದು. ಕೇಳಲು ಚೆಂದ, ನನಗೆ ಒಪ್ಪಿಗೆಯಿಲ್ಲ. 'ಚೆಯ್' ತಮಿಳಿನ ರೂಪ. ನಮ್ಮಲ್ಲಿ ಅದು 'ಗೆಯ್'. ನಮ್ಮ ಕಡೆಯ ರೂಪವೇ ಹಳೆಯದಕ್ಕೆ ಹತ್ತಿರ, ಹಾಗಾಗಿ ಪದ ಹಳೆಯ ಕಾಲದಲ್ಲೇ ಹುಟ್ಟಿದ್ದರೆ ಅದರಲ್ಲಿ 'ಜ' ಬರುವುದು ಕಷ್ಟ.

1939ರಲ್ಲಿ ಜರ್ಮನಿಯ ಪೌಲ್ ಟೀಮೆ ಬೇರೆಯದೇ ದಾರಿ ಹಿಡಿದರು. ಬೆರೆಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಪೂಜೆ ಬಂತು, ಅದರ ಹಿಂದಿರುವುದು ಅತಿಥಿಗೆ ಕೊಡುವ ಮಧುಪರ್ಕ ಎಂದರು. ಮದುವೆಯಲ್ಲಿ ವರನಿಗೆ ಮೊಸರು, ಜೇನು ಬೆರೆಸಿ ಕೊಡುತ್ತಾರಲ್ವಾ, ಅದೇ.

ನನ್ನ ಮನಸ್ಸು 'ಪೂಸು' ಕಡೆಗೇ ವಾಲುತ್ತದೆ. ಆದರೂ ಇವತ್ತು ನಮ್ಮ ಬಾಯಲ್ಲಿರುವ ರೂಪ ಸಂಸ್ಕೃತಕ್ಕೆ ಹೋಗಿ ಅಲ್ಲಿಂದ ಮರಳಿ ಬಂದದ್ದು. ಕಾಲ ಕಳೆದಂತೆ ಕನ್ನಡದಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು. ಪೂಜೆ ಮಾತ್ರ 'ಹೂಜೆ' ಆಗಲಿಲ್ಲ, ನೋಡಿ.

ಪದದ ಊರಿಗಿಂತ ಅದರ ಅರ್ಥವೇ ನನಗೆ ಹೆಚ್ಚು ಮುಖ್ಯ. ವೇದಗಳಲ್ಲಿ ಎಲ್ಲೆಲ್ಲೂ ಕಾಣುವುದು ಯಜ್ಞ, ಹೋಮ. ಪೂಜೆ ಅಪರೂಪ. ಪಾಣಿನಿಯ ಸೂತ್ರಗಳಲ್ಲಿ ಪೂಜೆ ಅಂದರೆ ಗೌರವ. ಮನೆಯ ವಿಧಿಗಳನ್ನು ಹೇಳುವ ಗೃಹ್ಯಸೂತ್ರಗಳಲ್ಲಿ ಮನೆಗೆ ಬಂದವರನ್ನು ಆದರಿಸುವುದು. 'ಯತ್ರ ನಾರ್ಯಸ್ತು ಪೂಜ್ಯಂತೇ' ಎಂಬ ಮನುವಿನ ಮಾತನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಹೆಂಗಸರಿಗೆ ಆರತಿ ಎತ್ತಿ ಅಂತಿಲ್ಲ, ಗೌರವ ಕೊಡಿ ಅಂತಿದೆ. ಅಪ್ಪ ತಾತನಿಗೆ ಬರೆಯುತ್ತಿದ್ದ ಕಾಗದದ ಮೊದಲ ಸಾಲು 'ಪೂಜ್ಯ ತಂದೆಯವರಿಗೆ'. ಇಂಗ್ಲಿಷಿನ ವರ್ಶಿಪ್‌ನದೂ ಇದೇ ಕತೆ. ಬೆಲೆ ಎಂಬ ಅರ್ಥದ 'ವರ್ತ್' ಅದರ ಬೇರು. ಇಂಗ್ಲೆಂಡಿನಲ್ಲಿ ಮ್ಯಾಜಿಸ್ಟ್ರೇಟರನ್ನು 'ಯುವರ್ ವರ್ಶಿಪ್' ಅನ್ನುವುದು ಅದಕ್ಕೇ.

ಷೋಡಶೋಪಚಾರದ ಹದಿನಾರು ಉಪಚಾರಗಳನ್ನು ಒಮ್ಮೆ ಸುಮ್ನೆ ಗಮನವಿಟ್ಟು ಕೇಳಿ. ಆವಾಹನೆ, ಬಾ ಎಂದು ಕರೆಯುವುದು. ಆಸನ, ಕೂರಲು ಜಾಗ. ಪಾದ್ಯ, ಕಾಲಿಗೆ ನೀರು. ಅರ್ಘ್ಯ, ಕೈಗೆ ನೀರು. ಆಚಮನ, ಬಾಯಿಗೆ ನೀರು. ಆಮೇಲೆ ಸ್ನಾನ, ಬಟ್ಟೆ, ಗಂಧ, ಹೂ, ಊಟ.

ಬಿಸಿಲಲ್ಲಿ ನಡೆದು ಬಂದವರು ಯಾರೇ ಆಗಲಿ, ಅಜ್ಜಿ ಮೊದಲು ಕಾಲಿಗೆ ಒಂದು ಚೊಂಬು ನೀರು ಕೊಡುತ್ತಿದ್ದಳು. ಆಮೇಲೆ ಚಾಪೆ ಹಾಸಿ, ಒಂದು ತುಂಡು ಬೆಲ್ಲ, ಕುಡಿಯಲು ನೀರು. ಯಾಕೆ ಬಂದಿರಿ ಅಂತ ಕೇಳುತ್ತಿದ್ದುದು ಅವರು ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆಯೇ.