ಊಟದ ಡಬ್ಬಿಯ ಕೆಳಗೆ

2023ರ ಜೂನ್ ತಿಂಗಳ ಒಂದು ರಾತ್ರಿ ಹನ್ನೊಂದೂವರೆಯ ಊಟದ ವಿರಾಮದಲ್ಲಿ ಕ್ಯಾಂಟೀನಿನ ಮೂಲೆಯ ಮೇಜಿಗೆ ಕುಳಿತು ಬ್ಯಾಗಿನಿಂದ ಅಕ್ಕಿ ರೊಟ್ಟಿಯ ಡಬ್ಬಿಯನ್ನು ಹೊರತೆಗೆದೆ. ಚಮಚಕ್ಕಾಗಿ ಮತ್ತೆ ಕೈಹಾಕಿದಾಗ ತಳದಲ್ಲಿದ್ದ ಬಟ್ಟೆಯ ಚೀಲವೊಂದು ಬೆರಳಿಗೆ ತಾಕಿತು. ಒಳಗೇನಿದೆ ಎಂದು ಬಿಚ್ಚಿ ನೋಡುವ ಅಗತ್ಯ ಬೀಳಲಿಲ್ಲ, ಅದರ ಭಾರವೇ ಹೇಳಿತು. ನನ್ನ ಪಿಸ್ತೂಲು, ಅದರೊಳಗೆ ಗುಂಡು ತುಂಬಿದ ಮ್ಯಾಗಜೀನು, ಮನೆಯಿಂದ ನನ್ನೊಡನೆ ಹೊರಟು ಗೇಟನ್ನೂ ಬ್ಯಾಡ್ಜ್ ಉಜ್ಜುವ ಬಾಗಿಲನ್ನೂ ದಾಟಿ, ಐದು ಗಂಟೆ ಲಾಕರಿನಲ್ಲಿದ್ದು, ಈಗ ನನ್ನ ಊಟದ ಡಬ್ಬಿಯ ಕೆಳಗೆ ಮಲಗಿತ್ತು. ಎದುರು ಮೇಜಿನಲ್ಲಿ ಇಬ್ಬರು ಹುಡುಗರು ಫೋನಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದರು. ನಾನು ಬ್ಯಾಗಿನ ಜಿಪ್ಪನ್ನು ಎಳೆದು, ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡೆನಾದರೂ ಅದು ಗಂಟಲಿಗೆ ಇಳಿಯಲಿಲ್ಲ.

ನಾನಿದ್ದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಮತ್ತು ಫೋರ್ಟ್‌ವರ್ತ್ ನಗರಗಳ ನಡುವಿನ ಒಂದು ದೊಡ್ಡ ಸರಕು ಗೋದಾಮಿನಲ್ಲಿ. ಕೊಡಗಿನಲ್ಲಿ ಸಹಕಾರ ಸಂಘದ ಗುಮಾಸ್ತನಾಗಿದ್ದವನು, ನರ್ಸ್ ಆಗಿರುವ ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಇಡೀ ಸಂಸಾರಕ್ಕೆ ಗ್ರೀನ್ ಕಾರ್ಡ್ ಬಂದಾಗ ಅವಳ ಹಿಂದೆ ಬಂದವನು. ಗೋದಾಮಿನಲ್ಲಿ ನಾಲ್ಕು ವರ್ಷ ರಾತ್ರಿ ಪಾಳಿ ಮಾಡಿ, ಪೆಟ್ಟಿಗೆ ಹೊರುವ ಕೆಲಸದಿಂದ ದಾಸ್ತಾನು ಲೆಕ್ಕವಿಡುವ ಕುರ್ಚಿಯವರೆಗೆ ಬಂದಿದ್ದೆ.

ಆ ದಿನ ಬೆಳಿಗ್ಗೆ ಕಾರಿನ ಎ.ಸಿ. ಕೆಟ್ಟಿತ್ತು. ಜೂನ್ ತಿಂಗಳ ಟೆಕ್ಸಾಸಿನಲ್ಲಿ ಎ.ಸಿ. ಇಲ್ಲದ ಕಾರೆಂದರೆ ಒಲೆಯ ಮೇಲಿಟ್ಟ ಕಡಾಯಿಯಲ್ಲಿ ಕುಳಿತಂತೆ. ಗ್ಯಾರೇಜಿಗೆ ಕೊಂಡೊಯ್ದಾಗ ಒಂದು ರಾತ್ರಿ ಅಲ್ಲೇ ಬಿಡಬೇಕೆಂದರು. ಸೀಟಿನ ಕೆಳಗೆ ತಂತಿಹಗ್ಗದಿಂದ ಬಿಗಿದಿದ್ದ ಕಬ್ಬಿಣದ ಪುಟ್ಟ ಪೆಟ್ಟಿಗೆಯಲ್ಲಿ ಪಿಸ್ತೂಲಿತ್ತು. ಅಪರಿಚಿತರ ಕೈಗೆ ಕೀಲಿ ಕೊಟ್ಟು ಕಾರಿನಲ್ಲಿ ಆಯುಧ ಬಿಟ್ಟು ಹೋಗಬಾರದೆಂಬ ಎಚ್ಚರ ನನಗಿತ್ತು. ಆದ್ದರಿಂದ ಅದನ್ನು ತೆಗೆದು ಬಟ್ಟೆಯ ಚೀಲಕ್ಕೆ ಹಾಕಿ, ಮನೆ ತಲುಪಿದ ಕೂಡಲೇ ಬೀರುವಿನ ತಿಜೋರಿಗೆ ಸೇರಿಸುವುದೆಂದು ಬ್ಯಾಗಿನ ತಳಕ್ಕೆ ಇಟ್ಟೆ. ರಾತ್ರಿಯಿಡೀ ನಿದ್ದೆಗೆಟ್ಟಿದ್ದವನು ಮನೆಗೆ ಬಂದು ಬ್ಯಾಗನ್ನು ಅಡುಗೆಮನೆಯ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿ ಮಲಗಿಬಿಟ್ಟೆ. ಸಂಜೆ ಹೆಂಡತಿ ಡಬ್ಬಿ ತುಂಬಿಸಿ ಅದೇ ಬ್ಯಾಗಿಗೆ ಇಟ್ಟಳು. ಅವಳ ಕಾರು ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬೇಕಿದ್ದುದರಿಂದ ನಾನು ಸಹೋದ್ಯೋಗಿಯೊಬ್ಬನ ಕಾರಿನಲ್ಲಿ ಕೆಲಸಕ್ಕೆ ಹೋದೆ.

ಪಿಸ್ತೂಲು ಕಾರಿನಲ್ಲಿದ್ದದ್ದು ಕದ್ದುಮುಚ್ಚಿಯಲ್ಲ. ಕಾನೂನುಬದ್ಧವಾಗಿ ತನ್ನದಾಗಿರುವ ಆಯುಧವನ್ನು ನೌಕರನು ತನ್ನ ಸ್ವಂತ ಕಾರಿನಲ್ಲಿ ಬೀಗ ಹಾಕಿ ಕಂಪನಿಯ ಪಾರ್ಕಿಂಗ್ ಜಾಗದಲ್ಲಿ ಇಟ್ಟುಕೊಂಡರೆ ಅದನ್ನು ಮಾಲೀಕರು ತಡೆಯುವಂತಿಲ್ಲವೆಂಬ ಕಾನೂನು ಟೆಕ್ಸಾಸಿನಲ್ಲಿ 2011ರ ಸೆಪ್ಟೆಂಬರಿನಿಂದ ಇದೆ. ಶಾಲೆಗಳಂಥ ಕೆಲವು ಜಾಗಗಳಿಗೂ ಕಂಪನಿಯೇ ಕೊಟ್ಟ ವಾಹನಗಳಿಗೂ ಇದು ಅನ್ವಯಿಸುವುದಿಲ್ಲ. ಆದರೆ ಕಾರಿನ ಬಾಗಿಲಿನಾಚೆಗೆ, ಕಟ್ಟಡದ ಒಳಗೆ, ಮಾಲೀಕನ ಮಾತೇ ಕೊನೆಯ ಮಾತು. ನಮ್ಮ ಗೋದಾಮಿನ ಬಾಗಿಲಲ್ಲಿ ಆ ಮಾತು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಒಂದಂಗುಲ ಎತ್ತರದ ದಪ್ಪ ಅಕ್ಷರಗಳಲ್ಲಿತ್ತು, ಏಕೆಂದರೆ ಅಕ್ಷರದ ಅಳತೆಯನ್ನೂ ಕಾನೂನೇ ಗೊತ್ತುಮಾಡಿದೆ. ನಾಲ್ಕು ವರ್ಷ ದಿನಕ್ಕೆರಡು ಬಾರಿ ಆ ಫಲಕದ ಮುಂದೆ ಹಾದುಹೋಗಿದ್ದೇನೆ. ಕೆಲಸಕ್ಕೆ ಸೇರಿದ ದಿನ ಕೈಪಿಡಿಯ ಕೊನೆಯ ಪುಟಕ್ಕೆ ಸಹಿ ಹಾಕಿದ್ದೂ ನಾನೇ.

ಮುಂದೇನು ಮಾಡುವುದೆಂದು ಯೋಚಿಸಲು ಇಪ್ಪತ್ತು ನಿಮಿಷಗಳಿದ್ದವು. ಗೋದಾಮುಗಳ ರೀತಿ ವಿಚಿತ್ರ. ಒಳಗೆ ಬರುವವನನ್ನು ಯಾರೂ ತಡಕುವುದಿಲ್ಲ, ಮಾಲು ಕದ್ದುಹೋಗದಂತೆ ಹೊರಗೆ ಹೋಗುವವನನ್ನು ಮಾತ್ರ ಲೋಹಶೋಧಕದ ಕಮಾನಿನಡಿ ನಡೆಸುತ್ತಾರೆ. ಆಯುಧದೊಡನೆ ಒಳಗೆ ಬರುವುದು ಸಲೀಸು, ಹೊರಗೆ ಹೋಗುವುದೇ ಕಷ್ಟ. ಲಾಕರಿನಲ್ಲಿ ಬಿಟ್ಟು ಹೋಗಬಹುದಿತ್ತು, ಆದರೆ ಎಂದಾದರೊಮ್ಮೆ ಅದನ್ನು ಹೊರತರಲೇಬೇಕು. ನನ್ನನ್ನು ಕರೆತಂದ ಗೆಳೆಯನಿಗೆ ಹೇಳಿದರೆ ಅವನ ಕೆಲಸಕ್ಕೂ ಸಂಚಕಾರ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೇ ನಾನು ಮೇಲ್ವಿಚಾರಕಿಯ ಬಳಿ ಹೋದದ್ದು. ನಂತರ ಹಲವರು ಅದನ್ನು ಪ್ರಾಮಾಣಿಕತೆ ಎಂದು ಹೊಗಳಿದರು. ಒಳಬಾಗಿಲಿನಂತೆ ಹೊರಬಾಗಿಲಿನಲ್ಲಿಯೂ ಕಮಾನು ಇಲ್ಲದೆ ಇದ್ದಿದ್ದರೆ ಹೋಗುತ್ತಿದ್ದೆನೇ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ.

ಆಕೆ ನನಗಿಂತ ಹತ್ತು ವರ್ಷ ಚಿಕ್ಕವಳು. ವಿಷಯ ಕೇಳಿದವಳೇ ಮುಖ ಬಿಳಿಚಿಕೊಂಡು, ಬ್ಯಾಗನ್ನು ನೆಲದ ಮೇಲಿಟ್ಟು ಗೋಡೆಯ ಕಡೆ ಸರಿದು ನಿಲ್ಲುವಂತೆ ಹೇಳಿದಳು. ಹಿಂದಿನ ವಾರವಷ್ಟೇ ತನ್ನ ಮಗಳ ಹುಟ್ಟುಹಬ್ಬದ ಕೇಕನ್ನು ನನಗೆ ತಂದುಕೊಟ್ಟಿದ್ದವಳು ಈಗ ನನ್ನ ಎರಡೂ ಕೈಗಳನ್ನೇ ನೋಡುತ್ತಿದ್ದಳು. ಕ್ಯಾಂಟೀನನ್ನು ಖಾಲಿ ಮಾಡಿಸಿದರು. ಆ ಇಬ್ಬರು ಹುಡುಗರು ಅರ್ಧ ತಿಂದ ತಟ್ಟೆಗಳನ್ನು ಬಿಟ್ಟು ಎದ್ದು ಹೋದರು. ಪೊಲೀಸರನ್ನು ಕರೆಯುವ ಮಾತು ಒಂದಷ್ಟು ಹೊತ್ತು ನಡೆಯಿತು. ಫಲಕವಿದ್ದೂ ಆಯುಧದೊಡನೆ ಒಳಗೆ ಬಂದರೆ ಇನ್ನೂರು ಡಾಲರಿನವರೆಗೆ ದಂಡ, ಹೊರಗೆ ಹೋಗೆಂದ ಮೇಲೂ ನಿಂತರೆ ಅದು ಇನ್ನೂ ದೊಡ್ಡ ಅಪರಾಧ. ನಾನಾಗಿಯೇ ಹೇಳಿದೆನೆಂಬ ಕಾರಣಕ್ಕೋ, ರಾತ್ರಿಯ ಸರಕು ತಡವಾದೀತೆಂಬ ಕಾರಣಕ್ಕೋ, ಕರೆಯಲಿಲ್ಲ. ಕಾವಲುಗಾರನೊಬ್ಬ ನನ್ನ ಬ್ಯಾಗನ್ನು ಹಾವು ಹಿಡಿದಂತೆ ದೂರ ಹಿಡಿದು ಗೇಟಿನಾಚೆಯ ಕಾಲುದಾರಿಯವರೆಗೆ ತಂದು, ಕೆಳಗಿಟ್ಟು, ನನ್ನ ಬ್ಯಾಡ್ಜನ್ನು ಇಸಿದುಕೊಂಡು ಹೋದ.

ಹೆಂಡತಿ ಬರಲು ಮುಕ್ಕಾಲು ಗಂಟೆಯಾಯಿತು. ನಿದ್ದೆಯಲ್ಲಿದ್ದ ಏಳು ವರ್ಷದ ಮಗಳನ್ನು ಹೊದಿಕೆಯ ಸಮೇತ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದಳು. ಕೆಲಸ ಹೋಯಿತೆಂದು ತೋರುತ್ತದೆ ಎಂದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ. ಹೆದ್ದಾರಿಗೆ ಬಂದ ಮೇಲೆ, ರಸ್ತೆಯನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಕೇಳಿದಳು: “ಸಂಜೆ ಇವಳು ಹೋಂವರ್ಕಿಗೆ ಪೆನ್ಸಿಲ್ ಬೇಕೆಂದು ನಿಮ್ಮ ಬ್ಯಾಗಿಗೇ ಕೈಹಾಕಿದ್ದಳು. ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಪೆನ್ಸಿಲ್ ಮುಂದಿನ ಕಿಸೆಯಲ್ಲಿಯೇ ಸಿಕ್ಕಿತಂತೆ.

ನಾನು ಕೋವಿಯನ್ನು ಮೊದಲು ಕಂಡದ್ದು ಅಮೆರಿಕದಲ್ಲಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರಿನವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ ಗುಂಡು. ನಮ್ಮ ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಗೋಡೆಯಲ್ಲಿ ನಾಲ್ಕು ಕೋವಿಗಳಿದ್ದವು, ಅಜ್ಜ ರಾತ್ರಿ ಮಲಗುವ ಮುನ್ನ ಪ್ರತಿಯೊಂದರ ಹಿಡಿಯನ್ನೂ ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದರು. ಯಾರಾದರೂ ತೋಟಕ್ಕೆ ಒಯ್ದಿದ್ದರೆ ಅವರು ಮರಳುವವರೆಗೆ ಜಗಲಿಯಿಂದ ಏಳುತ್ತಿರಲಿಲ್ಲ. ಚುನಾವಣೆ ಘೋಷಣೆಯಾಗಿ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಬಂದಾಗಲೆಲ್ಲ ದೊಡ್ಡಪ್ಪ ಗೊಣಗುತ್ತ ಒಯ್ಯುತ್ತಿದ್ದರು, ಅಜ್ಜ ಮಾತ್ರ ಠಾಣೆಯ ರಸೀದಿಯನ್ನು ಮಡಚಿ, ಖಾಲಿಯಾದ ಗೂಟಗಳಲ್ಲೊಂದಕ್ಕೆ ಸಿಕ್ಕಿಸಿ, ಅದನ್ನೇ ಮುಟ್ಟಿ ಮಲಗುತ್ತಿದ್ದರು.

ಇಂಥ ಮನೆಯವನು ಪಿಸ್ತೂಲು ಕೊಂಡದ್ದು ಪರಂಪರೆಯ ಅಭಿಮಾನದಿಂದಲ್ಲ, ಶುದ್ಧ ಹೆದರಿಕೆಯಿಂದ. ಒಂದು ರಾತ್ರಿ ಪಾಳಿ ಮುಗಿಸಿ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಹುಡುಗನೊಬ್ಬ ಹೊಟ್ಟೆಗೆ ಪಿಸ್ತೂಲು ಹಿಡಿದು ನಲವತ್ತು ಡಾಲರನ್ನೂ ಫೋನನ್ನೂ ಕಿತ್ತುಕೊಂಡು ಹೋಗಿದ್ದ. ಮರುವಾರವೇ ಅಂಗಡಿಗೆ ಹೋದೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಲ್ಲಿ ತುಂಬಿಸಬೇಕಾದ 4473 ಎಂಬ ನಮೂನೆಯಲ್ಲಿ ಜನಾಂಗ ಯಾವುದೆಂದು ಕೇಳುವ ಚೌಕಗಳಿವೆ. ಊರಿನಲ್ಲಿ ಜನಾಂಗದ ಕಾರಣಕ್ಕೆ ವಿನಾಯಿತಿ ಪಡೆದವನು ಇಲ್ಲಿ ‘ಏಷ್ಯನ್’ ಎಂಬ ಚೌಕಕ್ಕೆ ಗುರುತು ಹಾಕುತ್ತ ಒಳಗೊಳಗೇ ನಕ್ಕದ್ದು ನೆನಪಿದೆ. ಹಿನ್ನೆಲೆಯ ತಪಾಸಣೆ ಮುಗಿದು, ಒಂದು ಜೊತೆ ಬೂಟು ಕೊಳ್ಳುವಷ್ಟು ಹೊತ್ತಿನಲ್ಲಿ ಹೊರಗೆ ಬಂದೆ. ಇಟ್ಟುಕೊಳ್ಳುವುದು ಹೇಗೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ, ನನಗೆ ಹೇಳಿಕೊಡುವ ಅಗತ್ಯವಿಲ್ಲವೆಂದೇ ನಾನೂ ತಿಳಿದಿದ್ದೆ.

ಕಂಪನಿಯವರು ಮೂರನೆಯ ದಿನ ವಿಡಿಯೊ ಕರೆಯಲ್ಲಿ ಕೆಲಸದಿಂದ ತೆಗೆದರು. ಹನ್ನೊಂದು ನಿಮಿಷ ಹಿಡಿಯಿತು. ಎಚ್.ಆರ್. ವಿಭಾಗದವರು ಸಭ್ಯವಾಗಿಯೇ ಮಾತನಾಡಿದರು. ನಾಲ್ಕು ವರ್ಷದಲ್ಲಿ ಒಂದು ಎಚ್ಚರಿಕೆಯ ಪತ್ರವೂ ನನ್ನ ಕಡತದಲ್ಲಿಲ್ಲ ಎಂಬುದನ್ನು ಅವರೇ ಓದಿ ಹೇಳಿದರು, ಆದರೆ ಈ ಒಂದು ವಿಷಯದಲ್ಲಿ ಹಿಂದಿನ ನಡತೆಯನ್ನು ಪರಿಗಣಿಸುವ ಅವಕಾಶವೇ ನೀತಿಯಲ್ಲಿಲ್ಲ ಎಂದರು. ಕಾಯಿದೆಯಂತೆ ಆರು ದಿನಗಳೊಳಗೆ ಬಾಕಿ ಸಂಬಳ ಖಾತೆಗೆ ಬಿತ್ತು.

ಆಮೇಲೆ ಸಲಹೆಗಳ ಸುರಿಮಳೆ. ಗುಂಡು ಹೊಡೆಯುವ ಅಭ್ಯಾಸಕ್ಕೆ ಹೋಗುತ್ತಿದ್ದ ಮೈದಾನದ ಪರಿಚಿತರು, ಇದು ಆಯುಧ ಹೊಂದುವ ಹಕ್ಕು ಕೊಡುವ ಸಂವಿಧಾನದ ಎರಡನೆಯ ತಿದ್ದುಪಡಿಗೆ ಮಾಡಿದ ಅವಮಾನ, ದಾವೆ ಹೂಡು ಎಂದರು. ಕನ್ನಡ ಕೂಟದಲ್ಲಿ ಹಿರಿಯರೊಬ್ಬರು, “ಅಲ್ಲಪ್ಪ, ಕೊಡಗಿನವರಿಗೆ ಕೋವಿ ಬಿಟ್ಟರೆ ನಿದ್ದೆ ಬರುವುದಿಲ್ಲವೇ?” ಎಂದು ನಗಾಡಿದರು. ಮೊದಲಿನವರು ನನ್ನನ್ನು ಹುತಾತ್ಮನನ್ನಾಗಿಸಲು ಹೊರಟಿದ್ದರು, ಎರಡನೆಯವರು ವಿದೂಷಕನನ್ನಾಗಿ. ಮನಸ್ಸಿನ ಸಮಾಧಾನಕ್ಕೆ ವಕೀಲರೊಬ್ಬರನ್ನು ಕಂಡೆ. ಆ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು, ಖಾಸಗಿ ಮಾಲೀಕನ ಕೈಯನ್ನಲ್ಲ, ಮೇಲಾಗಿ ಟೆಕ್ಸಾಸಿನಲ್ಲಿ ಕರಾರಿಲ್ಲದ ನೌಕರನನ್ನು ಕಾರಣ ಕೊಡದೆಯೂ ತೆಗೆಯಬಹುದು ಎಂದು ಅವರು ಬಿಡಿಸಿ ಹೇಳಿದರು. ಪಿಸ್ತೂಲು ಕಾರಿನೊಳಗೇ ಇದ್ದು, ಅದಕ್ಕಾಗಿ ಕೆಲಸದಿಂದ ತೆಗೆದಿದ್ದರೆ ಮಾತು ಬೇರೆಯಿತ್ತಂತೆ. ಒಂದು ಎ.ಸಿ. ಯಂತ್ರ ಕೆಟ್ಟದ್ದಕ್ಕೆ ಇಷ್ಟು ದೂರ ಬಂದೆನಲ್ಲ ಎನಿಸಿತು.

ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದೆ, ತಿರಸ್ಕೃತವಾಯಿತು. ಹದಿನಾಲ್ಕು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಿತ್ತು, ಸಲ್ಲಿಸಿದೆ. ವಿಚಾರಣೆ ಫೋನಿನಲ್ಲಿ ನಡೆಯಿತು. ಕಂಪನಿಯ ಕಡೆಯಿಂದ ಆ ಮೇಲ್ವಿಚಾರಕಿಯೇ ಬಂದಿದ್ದಳು. ನಾನಾಗಿಯೇ ಬಂದು ಹೇಳಿದೆನೆಂಬುದನ್ನು, ಯಾರೂ ಕೇಳದಿದ್ದರೂ, ಎರಡು ಬಾರಿ ಹೇಳಿದಳು. ವಿಚಾರಣಾಧಿಕಾರಿ ನನ್ನನ್ನು ಕೇಳಿದ್ದು ಸರಳ ಪ್ರಶ್ನೆ: ಗುಂಡು ತುಂಬಿದ ಪಿಸ್ತೂಲು ಆ ಹದಿಮೂರು ಗಂಟೆ ಎಲ್ಲಿದೆಯೆಂದು ನಿಮಗೆ ಅರಿವಿತ್ತೇ? ಇಲ್ಲವೆಂದೆ. ಅರಿವಿರಲಿಲ್ಲವೆಂಬುದೇ ನನ್ನ ಸಮರ್ಥನೆಯೆಂದು ನಾನು ಅಲ್ಲಿಯವರೆಗೆ ನಂಬಿದ್ದೆ, ಅರ್ಜಿಯಲ್ಲಿ ಅದನ್ನೇ ಒಂದು ಪುಟ ಬರೆದಿದ್ದೆ. ಬಾಯಿಂದ ಹೊರಬಿದ್ದಾಗ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು. ಅತ್ತ ಕೀಲಿಮಣೆಯ ಟಕಟಕ ಸದ್ದು ಸ್ವಲ್ಪ ಹೊತ್ತು ಕೇಳುತ್ತಲೇ ಇತ್ತು. ಟೆಕ್ಸಾಸಿನ ಕಾನೂನಿನಲ್ಲಿ ದುರ್ನಡತೆಯ ವ್ಯಾಖ್ಯೆಯೊಳಗೆ ಬೇಕೆಂದೇ ಮಾಡಿದ ತಪ್ಪಿನ ಜೊತೆಗೆ, ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ಅಲಕ್ಷ್ಯವೂ, ನೌಕರರ ಸುರಕ್ಷತೆಗಾಗಿ ಮಾಡಿದ ನಿಯಮದ ಉಲ್ಲಂಘನೆಯೂ ಸೇರಿವೆ. ತೀರ್ಪು ನನ್ನ ವಿರುದ್ಧವಾಗಿಯೇ ಬಂತು. ಓದಿದಾಗ ಸಿಟ್ಟು ಬರಲಿಲ್ಲ. ಕಂಪನಿಯ ನೀತಿಯಲ್ಲಿ ತಪ್ಪೊಪ್ಪಿಕೊಂಡವನಿಗೂ ಸಿಕ್ಕಿಬಿದ್ದವನಿಗೂ ವ್ಯತ್ಯಾಸವಿಲ್ಲದಿರುವುದು ಸರಿಯಲ್ಲವೆಂದು ಈಗಲೂ ನನ್ನ ಅಭಿಪ್ರಾಯ, ಮುಂದಿನ ಸಲ ಇಂಥದ್ದಾದರೆ ಇನ್ನೊಬ್ಬ ಸುಮ್ಮನೆ ಲಾಕರಿಗೆ ಬೀಗ ಹಾಕಿಕೊಂಡಾನು. ಆದರೆ ನನ್ನ ಮಟ್ಟಿಗೆ, ಆ ಗೂಟಕ್ಕೆ ನೇತುಹಾಕಿದ ಬ್ಯಾಗಿನ ಮುಂದೆ ಇದು ಸಣ್ಣ ದೂರು.

ಈಗ ಬಟ್ಟೆ ಅಂಗಡಿಯೊಂದರಲ್ಲಿ ಹಗಲಿನ ಕೆಲಸ, ಸಂಬಳ ಮೊದಲಿಗಿಂತ ಕಡಿಮೆ. ಪಿಸ್ತೂಲನ್ನು ಕೊಂಡ ಅಂಗಡಿಗೇ ಅರ್ಧ ಬೆಲೆಗೆ ಮಾರಿದೆ. ಬೇಡವೆಂದು ಹೆಂಡತಿ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ.

ಆ ವರ್ಷ ಸೆಪ್ಟೆಂಬರ್ 3ರಂದು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಊರಿನಿಂದ ನನ್ನ ತಮ್ಮ ವಿಡಿಯೊ ಕರೆ ಮಾಡಿದ್ದ. ಕೋವಿಗಳನ್ನು ಒರೆಸಿ ಗೋಡೆಗೆ ಒರಗಿಸಿ, ನಳಿಕೆಗಳಿಗೆ ಕೆಂಪು ಹಳದಿಯ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ಮುಂದೆ ದೀಪ ಹಚ್ಚಿದ್ದರು. ಒಳಗಿನಿಂದ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಬೇಯಿತೇ ಎಂದು ಯಾರೋ ಕೂಗುತ್ತಿದ್ದರು. ತಮ್ಮ ಫೋನನ್ನು ಆಚೀಚೆ ತಿರುಗಿಸುತ್ತ ತೋರಿಸುತ್ತಿರುವಾಗ ನಾನು ಮನಸ್ಸಿನಲ್ಲೇ ಎಣಿಸಿದೆ, ಮೂರೇ ಇದ್ದವು.

“ಇನ್ನೊಂದು ಎಲ್ಲೋ?” ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದ ಮಗಳು ತಲೆಯೆತ್ತಿ ನೋಡಿದಳು.

“ಅಯ್ಯೋ, ಇಲ್ಲೇ ಉಂಟಲ್ಲ ಅಣ್ಣ, ಕಂಬ ಅಡ್ಡ ಬಂತು” ಎಂದು ತಮ್ಮ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಫೋನನ್ನು ಹಿಡಿದ.