ದುಡ್ಡು ಪೂರ್ತಿ ಕೊಟ್ಟು ಸುಮ್ಮನಾದ ರೈತರು

ನಾನು ಶಿಡ್ಲಘಟ್ಟದ ಕಡೆ ಒಂದು ಚಾಕಿ ಕೇಂದ್ರ, ಅಂದರೆ ಎಳೆ ರೇಷ್ಮೆ ಹುಳು ಸಾಕಿ ರೈತರಿಗೆ ಕೊಡುವ ಜಾಗ, ನಡೆಸುತ್ತೇನೆ. ರೇಷ್ಮೆ ಹುಳು ಮೊಟ್ಟೆ ಒಡೆದು ಬಂದ ಮೊದಲ ಏಳೆಂಟು ದಿನ ಎಳೆ ಕೂಸಿನ ಹಾಗೆ. 27-28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ಒಳ್ಳೆ ತೇವ ಬೇಕು, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಆ ಬಾಣಂತನ ನಮ್ಮದು. ಹುಳು ಎರಡನೇ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚೋಕೆ ಕೂತಾಗ, ರೈತರ ಮನೆಗೆ ತಲುಪಿಸುತ್ತೇವೆ.

ಈ ಕಸುಬಿನಲ್ಲಿ ಒಂದು ಕಷ್ಟ ಇದೆ. ನಾವು ಕೊಡುವ ದಿನ ಹುಳು ಅಷ್ಟು ಚಿಕ್ಕದು. ಚೆನ್ನಾಗಿದೆಯೋ ಇಲ್ಲವೋ ಅಂತ ಹಳೇ ರೈತರಿಗೂ ಪೂರ್ತಿ ತಿಳಿಯುವುದಿಲ್ಲ. ತಪ್ಪಿದ್ದರೆ ಗೊತ್ತಾಗುವುದು ಎರಡು ವಾರ ಬಿಟ್ಟು, ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಕಳಚಿ ಗೂಡು ಕಟ್ಟುವ ಮುಂಚಿನ ವಾರದಲ್ಲಿ. ಅಷ್ಟರಲ್ಲಿ ಅವರು ತೋಟದ ಸೊಪ್ಪೆಲ್ಲ ಹಾಕಿರುತ್ತಾರೆ, ಕೂಲಿ ಕೊಟ್ಟಿರುತ್ತಾರೆ, ರಾತ್ರಿ ನಿದ್ದೆಯನ್ನೂ ಕೊಟ್ಟಿರುತ್ತಾರೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಸುಮಾರು 80 ಭಾಗ ತಿನ್ನುವುದು ಆ ಕೊನೆಯ ವಾರದಲ್ಲೇ. ಹಾಗಾಗಿ ನಮ್ಮಿಂದ ಅವರು ಕೊಳ್ಳುವುದು ಹುಳುವನ್ನಲ್ಲ, ನಮ್ಮ ಮಾತನ್ನು.

ಇದು ನನಗೆ ತಿಳಿದದ್ದು ಒಂದು ಬೇಸಿಗೆಯಲ್ಲಿ. ಏಪ್ರಿಲ್ ತಿಂಗಳು. ಬೆಳಗ್ಗೆ ಆರಕ್ಕೆ ಹೊರಡಬೇಕಿದ್ದ ಗಾಡಿ ಕೆಟ್ಟು ನಿಂತಿತು. ಬೇರೆ ಗಾಡಿ ಹುಡುಕಿ, ಟ್ರೇಗಳನ್ನು ಅದಕ್ಕೆ ಏರಿಸಿ, ಹುಳು ತಲುಪಿಸಬೇಕಿದ್ದ ಒಬ್ಬ ರೈತರ ಊರು ಮುಟ್ಟುವಾಗ ಹನ್ನೊಂದು ಗಂಟೆ ದಾಟಿತ್ತು. ಹುಳುವಿಗೆ ಬಿಸಿ ತಾಗಿದೆ ಅಂತ ನನಗೆ ಗೊತ್ತಿತ್ತು. ಕೆಲವು ಆಗಲೇ ಜ್ವರ ಎದ್ದು ತಲೆ ಆಡಿಸುತ್ತಿದ್ದವು. ಆ ರೈತರು ಆರು ವರ್ಷದಿಂದ ನಮ್ಮಲ್ಲೇ ಹುಳು ತರುವವರು. 'ಯಾಕಣ್ಣ ಇಷ್ಟು ಹೊತ್ತು?' ಅಂದರು. 'ದಾರೀಲಿ ಸ್ವಲ್ಪ ತಡ ಆಯ್ತಣ್ಣ' ಅಂದೆ. ಅಷ್ಟೇ ಹೇಳಿದೆ. ಬಿಸಿಲಿನ ಮಾತು ಎತ್ತಲಿಲ್ಲ. ಎತ್ತಿದರೆ ಇಲ್ಲೇ ವಾಪಸ್ ಕಳಿಸುತ್ತಾರೋ ಏನೋ ಅನ್ನೋ ಭಯ.

ಕೊನೆಯ ಹಂತದಲ್ಲಿ ಸಪ್ಪೆ ರೋಗ, ಅಂದರೆ ಹುಳು ಸಪ್ಪಗಾಗಿ ಸಾಯುವ ರೋಗ, ಬಂತು. ಅರ್ಧಕ್ಕಿಂತ ಜಾಸ್ತಿ ಹುಳು ಹೋಯಿತು. ಅವತ್ತಿನ ಬಿಸಿಲಿನಿಂದಲೇ ಬಂತು ಅಂತ ಹೇಳೋಕಾಗುವುದಿಲ್ಲ, ಆ ರೋಗಕ್ಕೆ ಹತ್ತು ಕಾರಣ ಇರುತ್ತವೆ. ಆದರೆ ಅವರು ಜಗಳಕ್ಕೆ ಬರಲಿಲ್ಲ. ಮುಂದಿನ ವಾರ ಬಂದು ಬಾಕಿ ದುಡ್ಡು ಪೂರ್ತಿ ಕೊಟ್ಟರು, ಒಂದು ಲೋಟ ನೀರು ಕುಡಿದರು, ಹೋದರು. ಮತ್ತೆ ಬರಲೇ ಇಲ್ಲ. ಅವರು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಎರಡು ತಿಂಗಳು ಬಿಟ್ಟು ಅವರ ಮನೆಗೆ ನಾನೇ ಹೋದೆ. ಅವರು ತೋಟದಲ್ಲಿದ್ದರು. ಮಾತಾಡಿದ್ದು ಅವರ ಮನೆಯವರು. 'ದುಡ್ಡು ಹೋದದ್ದಕ್ಕೆ ಬೇಜಾರಿಲ್ಲಪ್ಪ, ಬೆಳೆ ಅಂದ್ಮೇಲೆ ಹೋಗುತ್ತೆ ಬರುತ್ತೆ. ಹುಳು ಬಿಸಿಲು ತಿಂದಿದೆ ಅಂತ ಅವತ್ತೇ ಒಂದು ಮಾತು ಹೇಳಿದ್ರೆ ಗೋಣಿಚೀಲ ಒದ್ದೆ ಮಾಡಿ ಕಟ್ತಿದ್ವಿ, ಎಳೇ ಸೊಪ್ಪು ಹಾಕ್ತಿದ್ವಿ, ಎದ್ದಿರೋದನ್ನ ಬೇರೆ ಮಾಡ್ಕೊಳ್ತಿದ್ವಿ.' ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪಾಯ್ತಮ್ಮ ಅಂದೆ.

ಅಲ್ಲಿಂದ ಬಂದ ಮೇಲೆ ಕೆಲಸ ಮಾಡುವ ರೀತಿ ಬದಲಾಯಿಸಿದೆ. ಈಗ ಪ್ರತಿ ಟ್ರೇ ಜೊತೆ ಒಂದು ಚೀಟಿ ಹೋಗುತ್ತದೆ. ಹುಳು ಎಷ್ಟು ಗಂಟೆಗೆ ಜ್ವರಕ್ಕೆ ಕೂತಿತು, ಎಷ್ಟು ಗಂಟೆಗೆ ಗಾಡಿ ಹೊರಟಿತು, ಮೊದಲ ಸೊಪ್ಪು ಯಾವಾಗ ಹಾಕಬೇಕು, ಹುಳು ಏನಾದರೂ ಏರುಪೇರಾಗಿದೆಯಾ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕೆಟ್ಟ ಸುದ್ದಿ ಇದ್ದರೆ ಚೀಟಿಗೂ ಮೊದಲು ಫೋನ್ ಮಾಡುತ್ತೇನೆ. ಮೂರನೇ ದಿನ ಒಂದು ಸಲ, ನಾಲ್ಕನೇ ಜ್ವರಕ್ಕೆ ಒಂದು ಸಲ, ಗೂಡು ಮಾರಿದ ದಿನ ರೇಟು ಎಷ್ಟು ಸಿಕ್ಕಿತು ಅಂತ ಕೇಳೋಕೆ ಒಂದು ಸಲ ಮಾತಾಡುತ್ತೇನೆ. ಈ ಕೊನೇ ಫೋನಿನಿಂದ ನನಗೆ ಒಂದು ಪೈಸೆ ಲಾಭ ಇಲ್ಲ, ಆದರೆ ಜನ ನೆನಪಿಟ್ಟುಕೊಳ್ಳುವುದು ಅದನ್ನೇ ಅಂತ ನೋಡಿದ್ದೇನೆ. ಬರೀ ಬಾಕಿ ಕೇಳೋಕೆ ಫೋನ್ ಮಾಡಿದರೆ ನಮ್ಮ ಹೆಸರು ಕಂಡ ಕೂಡಲೇ ಅವರ ಮುಖ ಗಂಟಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ನಮ್ಮ ಕಸುಬಿನಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಪೂರ್ತಿ ಗುಂಪು. ತೋಟದಲ್ಲಿ ಸೊಪ್ಪು ಕಡಿಮೆ ಇದ್ದವರು 200 ಮೊಟ್ಟೆಯ ಹುಳು ಕೇಳಿದರೆ ಈಗ 150 ಸಾಕು ಅಂತ ನಾನೇ ಹೇಳುತ್ತೇನೆ. ಮೊದಲು ಬಾಯಿ ಮುಚ್ಚಿಕೊಂಡು ಕೊಟ್ಟುಬಿಡುತ್ತಿದ್ದೆ. ಪಕ್ಕದೂರಿನ ಚಾಕಿ ಕೇಂದ್ರದವರ ಜೊತೆಗೂ ಮುಚ್ಚುಮರೆ ಬಿಟ್ಟೆ. ನನ್ನಲ್ಲಿ ಹುಳು ಕಮ್ಮಿ ಬಿದ್ದ ದಿನ ರೈತರನ್ನು ಅವರ ಹತ್ತಿರ ಕಳಿಸುತ್ತೇನೆ. ಅವರೂ ನನ್ನ ಹತ್ತಿರ ಕಳಿಸುತ್ತಾರೆ.

ಆ ರೈತರು ಒಂದು ವರ್ಷ ಆದಮೇಲೆ ವಾಪಸ್ ಬಂದರು. ಪೂರ್ತಿ ಅಲ್ಲ. 50 ಮೊಟ್ಟೆ ನಮ್ಮಲ್ಲಿ, ಉಳಿದ 100 ಬೇರೆ ಕಡೆ. ಜಾಸ್ತಿ ತಗೊಳ್ಳಿ ಅಂತ ನಾನು ಇದುವರೆಗೂ ಕೇಳಿಲ್ಲ. ನಾಳೆ ಬೆಳಗ್ಗೆ ಅವರ ಹುಳು ಹೊರಡಬೇಕು. ಗಾಡಿಯವನಿಗೆ ಐದೂವರೆಗೇ ಬರಬೇಕು ಅಂತ ಹೇಳಿದ್ದೇನೆ.